ಮುಳುಗುಗಾರನ ನೈಪುಣ್ಯಕ್ಕೆ ಅಳತೆಗೋಲು ಯಾವುದು?

ಮುರ್ಡೇಶ್ವರದಿಂದ ಬೆಳಿಗ್ಗೆ ಹೊರಡುವ ದೋಣಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ಕಡಲು ತಿಳಿಯಾದ ತಿಂಗಳುಗಳಲ್ಲಿ ಆ ದೋಣಿಯಲ್ಲಿ ಸ್ಕೂಬಾ ಉಡುಪು ತೊಟ್ಟು ಕೂರುವವರೆಲ್ಲ ಒಂದೇ ಬಗೆಯವರಲ್ಲ. ಒಬ್ಬನಿಗೆ ಸಮುದ್ರದೊಳಕ್ಕೆ ಇಳಿಯುವುದು ಇದೇ ಮೊದಲು. ಇನ್ನೊಬ್ಬಳ ಬಳಿ ತರಬೇತಿ ಮುಗಿಸಿದ ಕಾರ್ಡಿದೆ. ಆದರೆ ಕಾರ್ಡು ಕೈಗೆ ಬಂದು ಮೂರು ವರ್ಷವಾಯಿತು, ಆಮೇಲೆ ನೀರು ಮುಟ್ಟಿದ್ದಿಲ್ಲ. ಮೂರನೆಯವನು ತಾನು ನೂರು ಸಲ ಇಳಿದವನೆಂದು ಯಾರೂ ಕೇಳದೆಯೇ ಹೇಳಿಕೊಂಡಾಗಿದೆ. ನಾಲ್ಕನೆಯವನು ಮಾತಿಲ್ಲದೆ ತನ್ನ ಸಿಲಿಂಡರಿನ ಕವಾಟ ತಿರುಗಿಸಿ ನೋಡುತ್ತಿದ್ದಾನೆ. ದ್ವೀಪ ತಲುಪುವುದರೊಳಗೆ ಇವರಲ್ಲಿ ಯಾರನ್ನು ಯಾರ ಜೊತೆ ಇಳಿಸಬೇಕು, ಎಷ್ಟು ಆಳಕ್ಕೆ ಬಿಡಬೇಕು ಎಂಬುದನ್ನು ದೋಣಿಯ ಮಾರ್ಗದರ್ಶಿ ತೀರ್ಮಾನಿಸಬೇಕು.

ಸಣ್ಣ ತೀರ್ಮಾನವೇನಲ್ಲ ಇದು. ಸ್ಕೂಬಾದಲ್ಲಿ ಇಬ್ಬಿಬ್ಬರು ಜೋಡಿಯಾಗಿ ಇಳಿಯುವುದು ರೂಢಿ. ಒಬ್ಬನ ಗಾಳಿ ತೀರಿದರೆ ಇನ್ನೊಬ್ಬನ ಸಿಲಿಂಡರಿಗೆ ಜೋಡಿಸಿರುವ ಎರಡನೆಯ ಕೊಳವೆಯೇ ಅವನಿಗೆ ಗತಿ. ದೋಣಿಯಲ್ಲಿ ಹತ್ತು ನಿಮಿಷದ ಹಿಂದೆ ಹೆಸರು ಕೇಳಿ ಪರಿಚಯವಾದವನ ಕೈಯಲ್ಲಿ ಪ್ರಾಣ ಇಟ್ಟಂತೆ. ಲೈಸೆನ್ಸ್ ಇದ್ದವರೆಲ್ಲ ಮಳೆಗಾಲದ ರಾತ್ರಿ ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಸಬಲ್ಲರೇ ಎಂದು ಕೇಳಿದರೆ ಯಾರಾದರೂ ನಕ್ಕಾರು. ಆದರೆ ಕಡಲಿನ ವಿಷಯಕ್ಕೆ ಬಂದಾಗ ಕಾರ್ಡು ಒಂದಿದ್ದರೆ ಸಾಕೆಂಬ ಭಾವನೆ ಸಾಮಾನ್ಯ.

ಪ್ರಶ್ನೆ ಸ್ಕೂಬಾದಷ್ಟೇ ಹಳೆಯದು. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ 1943ರಲ್ಲಿ ‘ಆಕ್ವಾಲಂಗ್’ ಎಂಬ ಸಲಕರಣೆಯನ್ನು ಸಿದ್ಧಪಡಿಸಿದರು. ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ, ಉಸಿರೆಳೆದಾಗ ಮಾತ್ರ ಗಾಳಿ ಒದಗಿಸುವ ಕವಾಟ ಅದರ ಜೀವಾಳ. ಆಗ ಇದನ್ನು ಕಲಿಸುವ ಗುರುವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಎಷ್ಟು ಆಳಕ್ಕೆ ಹೋಗಿ ಬಂದ ಎಂಬುದೇ ಮುಳುಗುಗಾರನ ಅಳತೆ. 1947ರಲ್ಲಿ ತುಲೋನ್ ಬಳಿ ಕೂಸ್ತೋ ತಂಡ ಒಂದು ಪರೀಕ್ಷೆ ನಡೆಸಿತು. ತೂಕ ಕಟ್ಟಿದ ಹಗ್ಗವನ್ನು ಸಮುದ್ರಕ್ಕೆ ಇಳಿಬಿಟ್ಟು ಐದೈದು ಮೀಟರಿಗೆ ಒಂದೊಂದು ಬಿಳಿಯ ಫಲಕ ಕಟ್ಟಿದ್ದರು. ಇಳಿದವನು ತಾನು ಮುಟ್ಟಿದ ಕೊನೆಯ ಫಲಕದ ಮೇಲೆ ಪೆನ್ಸಿಲಿನಿಂದ ಸಹಿ ಹಾಕಿ ಬರಬೇಕು.

ಮೊರಿಸ್ ಫಾರ್ಗ್ ಆ ತಂಡದ ನುರಿತ ಕೈ. ಹಿಂದಿನ ವರ್ಷ ವೋಕ್ಲ್ಯೂಸ್ ಎಂಬಲ್ಲಿ ನೀರು ತುಂಬಿದ ಗುಹೆಯೊಳಗೆ ಕೂಸ್ತೋ ಮತ್ತು ದ್ಯುಮಾ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಾಗ ಮೇಲಿನಿಂದ ಹಗ್ಗ ಎಳೆದು ಇಬ್ಬರ ಜೀವ ಉಳಿಸಿದವನು ಇವನೇ. ಆ ಸೆಪ್ಟೆಂಬರಿನಲ್ಲಿ ಫಾರ್ಗ್ ಇಳಿದ. ಎಲ್ಲ ಸರಿಯಿದೆ ಎಂದು ಹಗ್ಗ ಜಗ್ಗಿ ಸಂಕೇತ ಕೊಡುತ್ತ ಹೋದ. ಆಮೇಲೆ ಸಂಕೇತ ನಿಂತಿತು. ಎಳೆದು ನೋಡಿದಾಗ ಉಸಿರಿನ ಕೊಳವೆ ಬಾಯಿಂದ ಕಳಚಿ ಎದೆಯ ಮೇಲೆ ತೂಗುತ್ತಿತ್ತು. ಅವನ ಸಹಿ 120 ಮೀಟರ್ ಆಳದ ಫಲಕದ ಮೇಲಿತ್ತು. ಅಷ್ಟು ಒತ್ತಡದಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ ಮಿದುಳಿಗೆ ಮತ್ತು ಬರಿಸುತ್ತದೆ. ಕುಡಿದವನಿಗಿರುವಂಥ ಹುಮ್ಮಸ್ಸು ಹುಟ್ಟಿ, ಬಾಯಿಯ ಕೊಳವೆಯೇ ಬೇಡವೆನಿಸಬಹುದು. ಅಂದಿನ ಲೆಕ್ಕದಲ್ಲಿ ಫಾರ್ಗ್ ಎಲ್ಲರಿಗಿಂತ ಮುಂದೆ ಹೋದವನು. ಆಳವನ್ನೇ ನೈಪುಣ್ಯವೆಂದು ಎಣಿಸುವುದು ಎಷ್ಟು ಅಪಾಯವೆಂದು ತೋರಿಸಲು ಒಂದು ಜೀವವೇ ಹೋಗಬೇಕಾಯಿತು.

ಕಲಿಕೆಗೆ ಒಂದು ಕ್ರಮ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆಯ ಕಾನ್ರಾಡ್ ಲಿಂಬಾ ಎಂಬ ಜೀವವಿಜ್ಞಾನಿ, ನೀರಿಗಿಳಿಯುವ ತನ್ನ ಸಹೋದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಪಾಠ ರೂಪಿಸಿದ. ಅವನ ಬಳಿ ಕಲಿತ ಆಲ್ ಟಿಲ್‌ಮನ್, ಬೆವ್ ಮಾರ್ಗನ್ ಮೊದಲಾದವರು 1954ರ ಹೊತ್ತಿಗೆ ಅದನ್ನೇ ಲಾಸ್ ಏಂಜಲೀಸ್ ಕೌಂಟಿಯ ಸಾರ್ವಜನಿಕ ತರಬೇತಿಯಾಗಿ ಮಾರ್ಪಡಿಸಿದರು. ಮುಂದೆ 1959ರಲ್ಲಿ ಮೊನಾಕೊದಲ್ಲಿ ಸಿಎಂಎಎಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ, 1960ರಲ್ಲಿ ಅಮೆರಿಕದಲ್ಲಿ ಎನ್‌ಎಯುಐ, 1966ರಲ್ಲಿ ಪಿಎಡಿಐ ಹೀಗೆ ಸಂಸ್ಥೆಗಳು ಹುಟ್ಟಿಕೊಂಡವು. ಸಿಎಂಎಎಸ್ ನಕ್ಷತ್ರಗಳನ್ನು ಕೊಟ್ಟಿತು: ಒಂದು, ಎರಡು, ಮೂರು. ಪಿಎಡಿಐ ಮೆಟ್ಟಿಲು ಮೆಟ್ಟಿಲಾಗಿ ಕೋರ್ಸುಗಳನ್ನು ಕಟ್ಟಿತು. ಇಂದು ನೇತ್ರಾಣಿಗೋ ಅಂಡಮಾನಿಗೋ ಹೋಗುವವರ ಕೈಯಲ್ಲಿ ಕಾಣುವ ಕಾರ್ಡುಗಳ ಮೂಲ ಇದು.

ಪಾಠ ಕಟ್ಟಿದ ಲಿಂಬಾನ ಕೊನೆಯನ್ನೂ ಇಲ್ಲಿಯೇ ಹೇಳಬೇಕು. 1960ರ ಮಾರ್ಚ್ 20ರಂದು, ಫ್ರಾನ್ಸಿನ ಕಾಸೀ ಪಟ್ಟಣದ ಹತ್ತಿರ, ಪೋರ್ಟ್ ಮಿಯು ಎಂಬಲ್ಲಿ ಸಮುದ್ರಕ್ಕೆ ಸೇರುವ ಭೂಗತ ನದಿಯೊಳಗೆ ಇಳಿದ ಅವನು ದಾರಿ ತಪ್ಪಿ ಹೊರಗೆ ಬರಲೇ ಇಲ್ಲ. ವಯಸ್ಸು 35. ತೆರೆದ ಕಡಲಿನಲ್ಲಿ ಅವನಷ್ಟು ಬಲ್ಲವರು ಆಗ ಬೆರಳೆಣಿಕೆಯಷ್ಟು. ಆದರೆ ಅದು ಕಡಲಾಗಿರಲಿಲ್ಲ, ತಲೆಯ ಮೇಲೆ ಬಂಡೆ ಮುಚ್ಚಿಕೊಂಡ ಗುಹೆ.

ಹಾಗಾದರೆ ಕಾರ್ಡು ಏನನ್ನು ಹೇಳುತ್ತದೆ? ಪಿಎಡಿಐನ ಮೊದಲ ಮೆಟ್ಟಿಲಾದ ‘ಓಪನ್ ವಾಟರ್’ ಕಾರ್ಡು ಪಡೆಯಲು ಕೊಳದಲ್ಲಿ ಅಭ್ಯಾಸ ಮುಗಿಸಿ, ಸಮುದ್ರದಲ್ಲೋ ಕೆರೆಯಲ್ಲೋ ನಾಲ್ಕು ಬಾರಿ ಇಳಿದಿರಬೇಕು. ಆಮೇಲೆ 18 ಮೀಟರ್ ಆಳದವರೆಗೆ ಜೊತೆಗಾರನೊಂದಿಗೆ ಹೋಗಬಹುದು. ಮುಂದಿನದು ‘ಅಡ್ವಾನ್ಸ್ಡ್’, ಅದಕ್ಕೆ ಇನ್ನು ಐದು ಡೈವ್, ಮಿತಿ 30 ಮೀಟರ್. ಅಂದರೆ ಮೊದಲ ಬಾರಿ ನೀರಿಗಿಳಿದ ಮೇಲೆ ಹತ್ತು ಡೈವ್ ಕೂಡ ತುಂಬದವನ ಜೇಬಿನಲ್ಲಿ ‘ಮುಂದುವರಿದವನು’ ಎಂಬ ಬಿರುದು ಇರಬಹುದು. ಹೆಸರು ಇಟ್ಟವರ ಉದ್ದೇಶ ಕೆಟ್ಟದ್ದಲ್ಲ; ಪಳಗಿದ ಗುರುವಿನ ಕಣ್ಣೆದುರಿಗೇ ಆಳದ, ದಿಕ್ಸೂಚಿಯ ಮೊದಲ ಅನುಭವ ಆಗಲಿ ಎಂದು ಆ ಕೋರ್ಸು ಮಾಡಿದ್ದು. ಆದರೆ ಬಿರುದು ಓದಿದವರಿಗೆ ಈ ಲೆಕ್ಕ ಹೊಳೆಯುವುದಿಲ್ಲ. ಇನ್ನೂ ಒಂದು ತೊಡಕು: ಇಂಥ ಕಾರ್ಡುಗಳಿಗೆ ಸಾಮಾನ್ಯವಾಗಿ ಅವಧಿ ಮುಗಿಯುವ ದಿನಾಂಕವಿಲ್ಲ. ಇಪ್ಪತ್ತು ವರ್ಷದ ಹಿಂದಿನದೂ ನಡೆಯುತ್ತದೆ. ಕೈಗೆ ಬಂದ ವಿದ್ಯೆ ಅಷ್ಟು ಕಾಲ ಕೈಯಲ್ಲೇ ಉಳಿದಿರುತ್ತದೆಯೇ?

ಲಾಗ್ ಪುಸ್ತಕ ಇದಕ್ಕಿಂತ ಹೆಚ್ಚು ಮಾತಾಡುತ್ತದೆ, ಓದಲು ಬಂದರೆ. ಇಳಿದ ದಿನ, ಜಾಗ, ಆಳ, ಎಷ್ಟು ನಿಮಿಷ, ಆರಂಭದಲ್ಲಿ ಎಷ್ಟು ಗಾಳಿ, ಕೊನೆಗೆ ಎಷ್ಟು ಉಳಿಯಿತು ಎಂದು ಮುಳುಗುಗಾರ ಬರೆದಿಡುವ ಪುಸ್ತಕ ಅದು. ಬರಿಯ ಒಟ್ಟು ಸಂಖ್ಯೆ ನೋಡುವವನು ಮೋಸಹೋಗುತ್ತಾನೆ. ಬೆಚ್ಚಗಿನ ತಿಳಿನೀರಿನಲ್ಲಿ, ಎಲ್ಲವನ್ನೂ ಮಾರ್ಗದರ್ಶಿಗೇ ಬಿಟ್ಟು, ಅವನ ಹಿಂದೆ ನೂರು ಸಲ ಈಜಿದವನಿಗೆ ಆ ನೂರರಲ್ಲಿ ಒಮ್ಮೆಯೂ ದಾರಿ ಹುಡುಕುವ ಪ್ರಸಂಗ ಬಂದಿರುವುದಿಲ್ಲ. ಮಂಜುಗಟ್ಟಿದಂಥ ಮಸುಕು ನೀರಿನಲ್ಲಿ, ಸೆಳೆತದಲ್ಲಿ, ಚಳಿಯಲ್ಲಿ ಮೂವತ್ತೇ ಸಲ ಇಳಿದವನು ಅವನಿಗಿಂತ ಹೆಚ್ಚು ಕಲಿತಿರಬಹುದು. ಆದ್ದರಿಂದಲೇ ತಿಳಿದ ಮಾರ್ಗದರ್ಶಿಗಳು ‘ಎಷ್ಟು’ ಎಂಬುದರ ಜೊತೆಗೆ ‘ಎಲ್ಲಿ’ ಮತ್ತು ‘ಕೊನೆಯದು ಯಾವಾಗ’ ಎಂದೂ ಕೇಳುತ್ತಾರೆ. ಮೂರನೆಯ ಪ್ರಶ್ನೆಗೆ ತಡವರಿಸುವವರೇ ಹೆಚ್ಚು.

ಆದರೂ ಉತ್ತರಗಳಿಗಿಂತ ಕೈಗಳು ಹೆಚ್ಚು ಪ್ರಾಮಾಣಿಕ. ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸುವಾಗ ಒಬ್ಬ ಪಕ್ಕದವನನ್ನು ಕದ್ದು ನೋಡುತ್ತಾನೆ. ಇನ್ನೊಬ್ಬ ಜೋಡಿಸಿ, ಗಾಳಿ ತೆರೆದು, ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ನಾಲ್ಕಾರು ಉಸಿರೆಳೆಯುತ್ತಾನೆ; ಕವಾಟ ಪೂರ್ತಿ ತೆರೆದಿರದಿದ್ದರೆ ಉಸಿರೆಳೆದಾಗಲೆಲ್ಲ ಮುಳ್ಳು ಕುಸಿದು ಮತ್ತೆ ಏರುತ್ತದೆ ಎಂಬುದು ಅವನಿಗೆ ಗೊತ್ತು. ಸೊಂಟಕ್ಕೆ ಎಷ್ಟು ಸೀಸ ಬೇಕೆಂದು ಕೇಳಿದಾಗಲೂ ಹೀಗೆಯೇ. ಪಳಗಿದವನು ತನ್ನ ಉಡುಪಿನ ದಪ್ಪ, ಸಿಲಿಂಡರ್ ಕಬ್ಬಿಣದ್ದೋ ಅಲ್ಯುಮಿನಿಯಮ್ಮಿನದೋ, ನೀರು ಉಪ್ಪೋ ಸಿಹಿಯೋ ಎಂದು ವಿಚಾರಿಸಿ ಅಂಕಿ ಹೇಳುತ್ತಾನೆ. ಹೊಸಬ ‘ಸ್ವಲ್ಪ ಜಾಸ್ತಿಯೇ ಇರಲಿ’ ಎನ್ನುತ್ತಾನೆ.

ಈ ‘ಜಾಸ್ತಿಯೇ ಇರಲಿ’ಯಲ್ಲಿ ಮುಂದಿನ ಕಷ್ಟಗಳ ಬೀಜವಿದೆ. ಭಾರ ಹೆಚ್ಚಾದಷ್ಟೂ ತೇಲಿಕೊಂಡಿರಲು ಅಂಗಿಯಂಥ ಗಾಳಿಚೀಲದೊಳಗೆ ಹೆಚ್ಚು ಗಾಳಿ ತುಂಬಬೇಕು. ನೀರಿನೊಳಗೆ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಹತ್ತು ಮೀಟರ್ ಆಳದಲ್ಲಿ ಒಂದು ಲೀಟರ್ ಜಾಗ ಹಿಡಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಚೀಲದಲ್ಲಿ ಗಾಳಿ ಹೆಚ್ಚಿರುವವನು ತುಸು ಮೇಲೇರಿದರೆ ಆ ಗಾಳಿ ಹಿಗ್ಗಿ ಇನ್ನಷ್ಟು ಮೇಲೆತ್ತುತ್ತದೆ, ಆಗ ಮತ್ತೂ ಹಿಗ್ಗುತ್ತದೆ. ಹೆದರಿ ಉಸಿರು ಬಿಗಿಹಿಡಿದನೋ, ಶ್ವಾಸಕೋಶದ ಗಾಳಿಯೂ ಹಾಗೆಯೇ ಹಿಗ್ಗಿ ಒಳಗೆ ಹರಿಯಬಹುದು. ಉಸಿರು ಹಿಡಿಯಬೇಡ ಎಂಬುದು ಸ್ಕೂಬಾದ ಮೊದಲ ಪಾಠವಾದದ್ದು ಇದರಿಂದ.

ನುರಿತವನು ನೀರಿನಲ್ಲಿ ಹೇಗಿರುತ್ತಾನೆ? ನೋಡಿದರೆ ಅವನು ಏನೂ ಮಾಡುತ್ತಿಲ್ಲ ಎನಿಸುತ್ತದೆ. ಮೈ ಅಡ್ಡಡ್ಡಲಾಗಿ, ಮಂಡಿ ಮಡಚಿ, ಕೈಗಳನ್ನು ಎದೆಯ ಮುಂದೆ ಕಟ್ಟಿಕೊಂಡಂತೆ ತೇಲುತ್ತಾನೆ. ಉಸಿರೆಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಹೊಸಬನ ಮೈ ಓರೆಯಾಗಿರುತ್ತದೆ, ಕಾಲು ತಳದ ಮರಳನ್ನು ಕೆದಕುತ್ತದೆ, ಕೈಗಳು ಬಾವಿಗೆ ಬಿದ್ದವನಂತೆ ನೀರನ್ನು ತಳ್ಳುತ್ತಿರುತ್ತವೆ. ಹವಳದ ಮೇಲೆ ಅಂಥ ಕಾಲು ಬಿದ್ದರೆ ಹಲವು ವರ್ಷಗಳ ಬೆಳವಣಿಗೆ ಮುರಿದಂತೆ. ಈ ನಷ್ಟವೂ ಲೆಕ್ಕಕ್ಕೆ ಬರಬೇಕು.

ಈ ಶಾಂತಿಯನ್ನು ಗಾಳಿಯ ಲೆಕ್ಕದಲ್ಲಿಯೂ ಓದಬಹುದು. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಎಂದರೆ 2400 ಲೀಟರ್. ಅದರಲ್ಲಿ 50 ಬಾರ್, ಅಂದರೆ 600 ಲೀಟರ್, ಆಪತ್ತಿಗೆಂದು ಉಳಿಸಬೇಕು. ನೆಮ್ಮದಿಯಾಗಿ ಈಜುವವನು ಮೇಲ್ಮೈಯಲ್ಲಿ ನಿಮಿಷಕ್ಕೆ 15 ಲೀಟರ್ ಉಸಿರಾಡುತ್ತಾನೆ ಎಂದುಕೊಂಡರೆ, 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾದ್ದರಿಂದ 45 ಲೀಟರ್ ಬೇಕು. 1800 ಲೀಟರ್ ಅವನಿಗೆ 40 ನಿಮಿಷ ಬರುತ್ತದೆ. ಗಾಬರಿಯಲ್ಲಿ ಉಸಿರು ಎರಡರಷ್ಟಾದವನಿಗೆ ಅದೇ ಗಾಳಿ 20 ನಿಮಿಷಕ್ಕೆ ಮುಗಿಯುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ತಜ್ಞರು 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಘಡ ಶುರುವಾದದ್ದು ಹೇಗೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳ ಪೈಕಿ ಶೇ 41ರಲ್ಲಿ ಗಾಳಿ ಸಾಲದೆ ಹೋದದ್ದೇ ಆರಂಭವಾಗಿತ್ತು. ಮುಳ್ಳು ಕಣ್ಣೆದುರಿಗೇ ಇರುವ ಉಪಕರಣದಲ್ಲಿ ಹೀಗಾಗುತ್ತದೆ ಎಂದರೆ, ಗಾಬರಿಗೊಂಡ ಕಣ್ಣಿಗೆ ಮುಳ್ಳೂ ಕಾಣುವುದಿಲ್ಲವೆಂದೇ ಅರ್ಥ. ಇಷ್ಟಾಗಿಯೂ ಗಾಳಿ ಕಡಿಮೆ ಬಳಸುವುದನ್ನೇ ಜಾಣತನವೆಂದು ಕೊಚ್ಚಿಕೊಳ್ಳುವವರಿದ್ದಾರೆ. ದೇಹದ ಗಾತ್ರ, ಚಳಿ, ವಯಸ್ಸು ಎಲ್ಲವೂ ಇದರಲ್ಲಿ ಸೇರಿವೆ. ಬೇರೆಯವರೊಡನೆ ಹೋಲಿಸಿದರೆ ಈ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಅದೇ ಮನುಷ್ಯನ ನಿನ್ನೆಯ ಅಂಕಿಯೊಡನೆ ಇಂದಿನದನ್ನು ಹೋಲಿಸಿದರೆ ಬಹಳ ಹೇಳುತ್ತದೆ.

ಒಂದು ನೀರಿನಲ್ಲಿ ಪಡೆದ ನೈಪುಣ್ಯ ಇನ್ನೊಂದು ನೀರಿಗೆ ಸಲ್ಲುತ್ತದೆಯೇ ಎಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಲಿಂಬಾನ ಸಾವಿನಲ್ಲಿ ಎದ್ದದ್ದು ಇದೇ. ಫ್ಲಾರಿಡಾದ ಗಣಿತ ಶಿಕ್ಷಕ ಶೆಕ್ ಎಕ್ಸ್‌ಲಿ 1970ರ ದಶಕದಲ್ಲಿ ನೀರುಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಕಲೆಹಾಕಿ ಪುಸ್ತಕ ಬರೆದ. ಹೊರಗಿನವರೆಗೂ ಸತತವಾಗಿ ಹಾಸಿದ ದಾರದ ಗುರುತು ಇಲ್ಲದಿರುವುದು, ಮರಳಲು ಸಾಕಷ್ಟು ಗಾಳಿ ಉಳಿಸದಿರುವುದು, ಮಿತಿ ಮೀರಿದ ಆಳ: ಮತ್ತೆ ಮತ್ತೆ ಇವೇ ಕಾರಣಗಳು. ಸತ್ತವರಲ್ಲಿ ತೆರೆದ ಕಡಲಿನಲ್ಲಿ ಇತರರಿಗೆ ಕಲಿಸುತ್ತಿದ್ದ ಶಿಕ್ಷಕರೂ ಇದ್ದರು. ಗುಹೆಗೆ ಒಯ್ದ ಗಾಳಿಯಲ್ಲಿ ಮೂರನೆಯ ಒಂದು ಭಾಗ ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂಬ ನಿಯಮ ಇಂದಿಗೂ ನಡೆಯುತ್ತಿದೆ. ಸ್ವತಃ ಎಕ್ಸ್‌ಲಿ 1994ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಸಕಾಟೋನ್ ಎಂಬ ನೀರುಗುಂಡಿಯ ತಳ ಮುಟ್ಟಲು ಹೋಗಿ ಮೃತಪಟ್ಟ.

ಇದೇ ಪ್ರಶ್ನೆಯನ್ನು ಜಗತ್ತೆಲ್ಲ ಕಣ್ಣು ಬಿಟ್ಟು ನೋಡಿದ್ದು 2018ರಲ್ಲಿ, ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ. ಜೂನ್ 23ರಂದು 12 ಹುಡುಗರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಒಳಗೆ ಸಿಕ್ಕಿಬಿದ್ದರು. ಹುಡುಕಲು ಬಂದ ಥಾಯ್ ನೌಕಾಪಡೆಯ ಸೀಲ್ ಯೋಧರು ದೇಹಬಲದಲ್ಲಾಗಲಿ ಧೈರ್ಯದಲ್ಲಾಗಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅವರ ತರಬೇತಿ ಕಡಲಿನದು. ಇಲ್ಲಿದ್ದದ್ದು ಕೆಸರುನೀರು, ರಭಸದ ಹರಿವು, ಮೈ ತೂರದ ಸಂದುಗಳು. ಹತ್ತಿರದಲ್ಲೇ ವಾಸವಾಗಿದ್ದು ಆ ಗುಹೆಯ ಒಳಹೊರಗು ಬಲ್ಲ ಬ್ರಿಟಿಷ್ ಗುಹಾಸಂಚಾರಿ ವರ್ನ್ ಅನ್ಸ್‌ವರ್ತ್, ಇವರನ್ನು ಕರೆಸಿ ಎಂದು ಮೂರು ಹೆಸರು ಬರೆದ ಚೀಟಿಯನ್ನು ಅಧಿಕಾರಿಗಳಿಗೆ ಕೊಟ್ಟ. ಬಂದವರನ್ನು ನೋಡಿದವರಿಗೆ ಮೊದಲು ನಂಬಿಕೆ ಹುಟ್ಟದಿದ್ದರೆ ಆಶ್ಚರ್ಯವಿಲ್ಲ. ರಿಕ್ ಸ್ಟಾಂಟನ್ ಐವತ್ತು ದಾಟಿದ ನಿವೃತ್ತ ಅಗ್ನಿಶಾಮಕ. ಜಾನ್ ವೊಲಾಂಥೆನ್ ಕಂಪ್ಯೂಟರ್ ಕ್ಷೇತ್ರದವನು. ಗುಹೆಗಳಲ್ಲಿ ಮುಳುಗುವುದು ಇಬ್ಬರಿಗೂ ಹವ್ಯಾಸ. ಸಲಕರಣೆಗಳಲ್ಲಿ ಕೆಲವು ತಾವೇ ಮಾಡಿಕೊಂಡವು. ಜುಲೈ 2ರಂದು ಹುಡುಗರನ್ನು ಕಂಡುಹಿಡಿದವರು ಇವರೇ.

ನಾಲ್ಕು ದಿನದ ಮೇಲೆ, ಜುಲೈ 6ರ ನಸುಕಿನಲ್ಲಿ, ಗಾಳಿಯ ಸಿಲಿಂಡರುಗಳನ್ನು ಒಳಗೆ ಇಟ್ಟು ಮರಳುತ್ತಿದ್ದ ಮಾಜಿ ಸೀಲ್ ಸಮನ್ ಕುನಾನ್ ಪ್ರಜ್ಞೆ ತಪ್ಪಿ ತೀರಿಕೊಂಡ. ಕೆಲಸ ಬಿಟ್ಟವನು ಸ್ವಯಂಸೇವಕನಾಗಿ ಮರಳಿ ಬಂದಿದ್ದ. ಜುಲೈ 8ರಿಂದ 10ರವರೆಗೆ ಒಬ್ಬೊಬ್ಬ ಹುಡುಗನಿಗೂ ಆಸ್ಟ್ರೇಲಿಯದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಮತ್ತಿನ ಮದ್ದು ಕೊಟ್ಟು, ಮುಖ ಪೂರ್ತಿ ಮುಚ್ಚುವ ಮಾಸ್ಕ್ ತೊಡಿಸಿ, ಮುಳುಗುಗಾರರ ಕೈಗೆ ಒಪ್ಪಿಸಿದ. ವೈದ್ಯನೂ ಆಗಿ ಗುಹೆಯ ಮುಳುಗುಗಾರನೂ ಆಗಿರುವವರು ಜಗತ್ತಿನಲ್ಲಿ ಎಷ್ಟು ಜನ ಸಿಕ್ಕಾರು? ಅವನ ಹೆಸರನ್ನು ಹೇಳಿದವರೂ ಜೊತೆಗೆ ಮುಳುಗಿ ಬಲ್ಲವರೇ. 13 ಮಂದಿಯೂ ಬದುಕಿ ಬಂದರು.

ಜೊತೆಯವರ ಕಣ್ಣಿನ ಈ ತೀರ್ಪನ್ನೇ ಒಂದು ವ್ಯವಸ್ಥೆಯಾಗಿ ಕಾಪಾಡಿಕೊಂಡು ಬಂದವರು ದಕ್ಷಿಣ ಕೊರಿಯದ ಜೆಜು ದ್ವೀಪದ ‘ಹೆನ್ಯೊ’ ಮಹಿಳೆಯರು. ಸಿಲಿಂಡರ್ ಇಲ್ಲದೆ, ಉಸಿರು ಹಿಡಿದೇ ಹತ್ತು ಮೀಟರ್ ಆಳಕ್ಕೆ ಇಳಿದು ಚಿಪ್ಪುಜೀವಿಗಳನ್ನು ತರುವುದು ಅವರ ಕಸುಬು. ಯುನೆಸ್ಕೊ 2016ರಲ್ಲಿ ಇದನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರಲ್ಲಿ ಹಾಗುನ್, ಜುಂಗುನ್, ಸಾಂಗುನ್ ಎಂದು ಮೂರು ದರ್ಜೆ. ಪರೀಕ್ಷೆ ಬರೆದು ಯಾರೂ ಸಾಂಗುನ್ ಆಗುವುದಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಇಳಿದ ಹೆಂಗಸರು ಒಬ್ಬಳ ಉಸಿರು, ಕಡಲಿನ ತಿಳಿವಳಿಕೆ, ಇತರರನ್ನು ನೋಡಿಕೊಳ್ಳುವ ರೀತಿ ಎಲ್ಲವನ್ನೂ ಕಂಡು ಒಪ್ಪಬೇಕು. ಹಿಂದೆ ತೀರದಲ್ಲಿ ಕಲ್ಲು ಕಟ್ಟಿದ ಆವರಣದೊಳಗೆ ಬೆಂಕಿ ಕಾಯಿಸಿಕೊಳ್ಳುವಾಗ ಕೂರುವ ಜಾಗವೂ ದರ್ಜೆಯ ಪ್ರಕಾರವೇ ಇತ್ತು. ಕಿರಿಯಳಿಗೆ ತನ್ನ ಅಳತೆ ದಿನವೂ ಕಣ್ಣಿಗೆ ಕಾಣುತ್ತಿತ್ತು.

ಇಳಿಯದಿರುವ ನಿರ್ಧಾರವೂ ಈ ನೈಪುಣ್ಯದ ಭಾಗ. ಗುಹೆಯ ಮುಳುಗುಗಾರರಲ್ಲಿ ಯಾರು ಬೇಕಾದರೂ, ಯಾವ ಗಳಿಗೆಯಲ್ಲಿ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು, ಉಳಿದವರು ಪ್ರಶ್ನಿಸುವಂತಿಲ್ಲ. ನಮ್ಮಲ್ಲಿ ಈ ಮಾತು ಇನ್ನೂ ಬೇರೂರಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿ ಸೇರಿದಾಗ, ನೆರೆಯ ರಭಸದಿಂದ ನೌಕಾಪಡೆಯ ಮುಳುಗುಗಾರರಿಗೆ ಹಲವು ದಿನ ನದಿಗಿಳಿಯಲು ಆಗಲಿಲ್ಲ. ದಡದಲ್ಲಿ ಕಾದವರ ಸಂಕಟ ಯಾರಿಗೂ ಅರ್ಥವಾಗುವಂಥದೇ. ಆದರೆ ಆ ಹರಿವನ್ನು ನೋಡಿ ‘ಈಗ ಬೇಡ’ ಎನ್ನುವುದಕ್ಕೂ ತರಬೇತಿ ಬೇಕು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ನೇತ್ರಾಣಿಯ ದೋಣಿಯ ಮಾರ್ಗದರ್ಶಿಗೆ ಹೆನ್ಯೊಗಳಷ್ಟು ವರ್ಷಗಳಿಲ್ಲ, ಅನ್ಸ್‌ವರ್ತನ ಚೀಟಿಯೂ ಇಲ್ಲ. ಇರುವುದು ಒಂದೆರಡು ಗಂಟೆ ಮತ್ತು ಮೊದಲ ಡೈವ್. ಅದನ್ನು ಬೇಕೆಂದೇ ಕಡಿಮೆ ಆಳದಲ್ಲಿ, ಸೆಳೆತವಿಲ್ಲದ ಕಡೆ ಇಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಮಾಸ್ಕಿನೊಳಗೆ ಬೇಕೆಂದೇ ಸ್ವಲ್ಪ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕಲು ಹೇಳಿದರೆ, ಆ ಅರ್ಧ ನಿಮಿಷದಲ್ಲಿ ಕಣ್ಣುಗಳು ಎಲ್ಲ ಹೇಳಿಬಿಡುತ್ತವೆ. ನೂರು ಡೈವಿನವನ ಕಾಲು ಮರಳು ಕೆದಕಿದ್ದೂ, ಮೂರು ವರ್ಷ ನೀರು ಮುಟ್ಟದವಳು ಹತ್ತು ನಿಮಿಷದಲ್ಲಿ ಹದಕ್ಕೆ ಬಂದದ್ದೂ ಅಲ್ಲಿಯೇ ಕಾಣುತ್ತದೆ. ಮೇಲೆ ಬಂದು ಬಿಸ್ಕತ್ತು, ನೀರು ಕೈ ಬದಲಾಗುವಾಗ ಮಾರ್ಗದರ್ಶಿ ಪ್ರತಿಯೊಬ್ಬರ ಗಾಳಿಯ ಮುಳ್ಳನ್ನು ಓದಿ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಎರಡನೆಯ ಡೈವಿಗೆ ಹೆಸರು ಕೂಗಿದಾಗ ಜೋಡಿಗಳು ಬದಲಾಗಿರುತ್ತವೆ. ಏಕೆಂದು ಅವನು ಹೇಳುವುದಿಲ್ಲ.